ಸಹಾಯ ಬೇಕು: ರೈಸ್ ಮಿಲ್ಲಿನ ಪ್ಯಾನೆಲ್‌ನಲ್ಲಿ ರಾಸ್‌ಬೆರಿ ಪೈ ಕೂರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಡ್ರೈಯರ್‌ನ ಬಿಸಿ ಎಷ್ಟಿದೆ ಅಂತ ನೋಡಲು ರಾಸ್‌ಬೆರಿ ಪೈ 4 (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಹಾಕುತ್ತಿದ್ದೇವೆ. ಪ್ರೋಗ್ರಾಂ ಚೆನ್ನಾಗಿ ಓಡುತ್ತಿದೆ. ಬೋರ್ಡನ್ನು ಕಬ್ಬಿಣದ ಪ್ಯಾನೆಲ್ ಒಳಗೆ ಕೂರಿಸುವುದೇ ತಲೆನೋವು.

ಬೋರ್ಡಿನ ನಾಲ್ಕು ತೂತುಗಳು 2.7 ಮಿ.ಮೀ. ಅಂದರೆ ಎಂ2.5 (2.5 ಮಿ.ಮೀ. ದಪ್ಪದ) ಸ್ಕ್ರೂ ಬೇಕು. ಇಲ್ಲಿನ ಅಂಗಡಿಗಳಲ್ಲಿ ಸಿಕ್ಕಿದ್ದು ಎಂ3 ಮಾತ್ರ. ತೂತು ಸ್ವಲ್ಪ ದೊಡ್ಡದು ಮಾಡಿದರಾಯ್ತು ಅನ್ನುತ್ತಾರೆ ಮಿಲ್ಲಿನ ಫಿಟ್ಟರ್. ನಾನು ಸುತಾರಾಂ ಒಪ್ಪಿಲ್ಲ. ಬೋರ್ಡಿನ ಒಳಪದರಗಳಲ್ಲೂ ತಾಮ್ರ ಇರುತ್ತದೆ, ಕೊರೆದರೆ ಅದು ತುಂಡಾಗಬಹುದು ಅಲ್ವಾ? ಅಡಿಯಲ್ಲಿ ಬೆಸುಗೆಯ ಮೊನೆಗಳು ಚೂಪಾಗಿ ಹೊರಗೆ ಬಂದಿವೆ, ತಗಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಪುಟ್ಟ ಕಂಬ, ಅಂದರೆ ಎಂ2.5 ನೈಲಾನ್ ಸ್ಟ್ಯಾಂಡ್‌ಆಫ್ ಹೊಸಪೇಟೆ, ಬಳ್ಳಾರಿ ಕಡೆ ಎಲ್ಲಾದರೂ ಸಿಗುತ್ತದಾ? ಮಿಲ್ಲು ಸದಾ ಅದುರುತ್ತಲೇ ಇರುತ್ತದೆ. ನೈಲಾನ್ ಸ್ಕ್ರೂ ಸಡಿಲ ಆಗದ ಹಾಗೆ ಏನು ಮಾಡುತ್ತೀರಿ?

ಇನ್ನು ಹೊಟ್ಟಿನ ಧೂಳು. ಪೆಟ್ಟಿಗೆ ಪೂರ್ತಿ ಮುಚ್ಚಿದರೆ ಬಿಸಿ ಹೊರಗೆ ಹೋಗಲ್ಲ. ಫ್ಯಾನ್ ಹಾಕಿದರೆ ಧೂಳೆಲ್ಲ ಒಳಗೆ. ಬೇಸಿಗೆಯಲ್ಲಿ ನಮ್ಮಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಪೈ ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ ಅಲ್ಯೂಮಿನಿಯಂ ಕೇಸ್ ಇಂಥ ಜಾಗದಲ್ಲಿ ಬಳಸಿದವರು ಇದ್ದೀರಾ?

ಕೊನೆಯದಾಗಿ ಸ್ಟ್ಯಾಟಿಕ್, ಅಂದರೆ ಮೈಯಲ್ಲಿ ಕೂಡಿಕೊಂಡು ಚಿಪ್ ಕೆಡಿಸಬಲ್ಲ ವಿದ್ಯುತ್. ಒಣ ಹವೆಯಲ್ಲಿ ಇದರ ಕಾಟ ಜಾಸ್ತಿ. 1 ಮೆಗಾಓಮ್ ರೆಸಿಸ್ಟರ್ ಇರುವ ರಿಸ್ಟ್ ಸ್ಟ್ರಾಪ್ (ಆ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಮಣಿಕಟ್ಟಿನ ಪಟ್ಟಿ) ತರಿಸಿದ್ದೇನೆ. ಆದರೆ ಮಿಲ್ಲಿನ ಅರ್ಥಿಂಗ್ ಮೇಲೆ ನನಗೆ ನಂಬಿಕೆ ಇಲ್ಲ. ಕ್ಲಿಪ್ ಎಲ್ಲಿಗೆ ಹಾಕಲಿ? ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪರೀಕ್ಷೆ ಮಾಡಿಸಬೇಕಾ, ಇಲ್ಲಾ ಮನೆಯಲ್ಲೇ ಬೋರ್ಡನ್ನು ಕೇಸ್ ಒಳಗೆ ಕೂರಿಸಿ, ಅಲ್ಲಿ ಸುಮ್ನೆ ಕೇಸ್ ಮಾತ್ರ ಬಿಗಿದರೆ ಸಾಕಾ? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.