ಪಕ್ಕದ ಹೊಲದ ಕೃಷಿ ಹೊಂಡಕ್ಕೆ ಬೇಲಿ ಇಲ್ಲ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಏನು ಮಾಡೋದು?

ತೋಟದ_ವಸ್ತಿ_ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಜಮಖಂಡಿ ತಾಲೂಕಿನವರು. ಊರೊಳಗೆ ಮನೆ ಇಲ್ಲ, ತೋಟದ ವಸ್ತಿಯಲ್ಲೇ ಇರೋದು. ಮಗಳಿಗೆ ಏಳು ವರ್ಷ, ಮಗನಿಗೆ ಇನ್ನೂ ಮೂರು ತುಂಬಿಲ್ಲ. ಪಕ್ಕದ ಹೊಲದ ಕಾಕಾ ಅವರು ಈ ವರ್ಷ ದೊಡ್ಡ ಕೃಷಿ ಹೊಂಡ ತೆಗೆಸಿ, ಹಾಳೆ ಹಾಸಿ, ನೀರು ತುಂಬಿಸಿದ್ದಾರೆ. ಸುತ್ತ ಒಂದು ಮುಳ್ಳುಕಂಟಿಯೂ ಇಲ್ಲ. ನಮ್ಮ ಅಂಗಳದಿಂದ ಬದುವಿನ ಮೇಲೆ ನಡೆದರೆ ನೇರ ಹೊಂಡದ ದಂಡೆಗೇ ಹೋಗುತ್ತದೆ. ಮಗನಿಗೆ ನೀರು ಕಂಡರೆ ಕಲ್ಲು ಎಸೆಯೋ ಚಟ ಬೇರೆ.

ಈಗ ಶಾಲೆ ಸೂಟಿ. ನಾದಿನಿಯ ಮಕ್ಕಳೂ ಬರುತ್ತಾರೆ. ನನ್ನ ಭಯ ಹೇಳಿದರೆ ಅತ್ತೆ, "ನಾವೂ ಐದು ಮಕ್ಕಳನ್ನ ಇದೇ ತೋಟದಾಗ ಬೆಳೆಸೀವಿ, ಆಗ ಬಾವಿ ಇರಲಿಲ್ಲೇನು?" ಅನ್ನುತ್ತಾರೆ. ನಮ್ಮ ಮನೆಯವರು, ಮಗಳಿಗೆ ಹೇಳು, ತಮ್ಮನ ಮೇಲೆ ಕಣ್ಣಿಡಲಿ ಅಂತಾರೆ. ಏಳು ವರ್ಷದ ಹುಡುಗಿಗೆ ಆ ಭಾರ ಹೊರಿಸಬಹುದಾ? ಕಾಕಾ ಅವರಿಗೆ ಬೇಲಿ ಹಾಕಿಸಿ ಅಂತ ಹೇಳೋದು ಹೇಗೆ? ಮೊದಲೇ ಬದುವಿನ ವಿಷಯಕ್ಕೆ ಎರಡೂ ಮನೆಗೆ ಸ್ವಲ್ಪ ಮುನಿಸು ಇದೆ. ಹಾಗಂತ ಸುಮ್ನೆ ಕೂರೋಕೂ ಆಗುತ್ತಿಲ್ಲ. ಅನುಭವ ಇದ್ದವರು ಹೇಳಿ.

ತಿಕೋಟಾ_ದ್ರಾಕ್ಷಿ

ತಂಗಿ, ಮೊದಲು ಅತ್ತೆಯವರ ಮಾತಿಗೆ ಉತ್ತರ. ಹಳೆ ಬಾವಿಗೂ ಈ ಹೊಂಡಕ್ಕೂ ಬಹಳ ಫರಕು ಇದೆ. ಬಾವಿಗೆ ಮೆಟ್ಟಿಲು ಇರುತ್ತಿದ್ದವು, ಕಲ್ಲಿನ ಸಂದಿ ಇರುತ್ತಿತ್ತು, ಬಿದ್ದವನಿಗೆ ಕೈ ಹಿಡಿಯೋಕೆ ಏನೋ ಒಂದು ಸಿಗುತ್ತಿತ್ತು. ಹೊಂಡದ ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಪಾಚಿ. ಈಜು ಬರೋ ಗಟ್ಟಿ ಗಂಡಸರೂ ಹತ್ತಿ ಬರಲಾಗದೆ ಜಾರಿ ಜಾರಿ ಸುಸ್ತಾಗುತ್ತಾರೆ. ದಂಡೆ ಹತ್ತಿರ ಆಳ ಕಮ್ಮಿ ಇರುತ್ತದೆ ಅಂದುಕೊಳ್ಳೋದೂ ತಪ್ಪು, ಯಾಕಂದರೆ ಕಾಲು ಒಮ್ಮೆ ಜಾರಿದರೆ ಆ ಇಳಿಜಾರೇ ನಡುವಿಗೆ ಎಳೆದುಕೊಂಡು ಹೋಗುತ್ತದೆ.

ನಾನೂ ಹೊಂಡದ ಮೇಲೇ ದ್ರಾಕ್ಷಿ ಬೆಳೆಯೋನು. ನಮ್ಮ ಕಡೆ ಟ್ಯಾಂಕರ್ ನೀರು ಹೊಡೆಸಿ ಪಡ ಉಳಿಸಿಕೊಂಡ ವರ್ಷಗಳಿವೆ, ಹೊಂಡ ಬೇಡ ಅಂತ ಯಾರಿಗೂ ಹೇಳಲಾರೆ. ಆದರೆ ಬೇಲಿ ಬೇಕೇ ಬೇಕು. ಮೂರು ಸಾಲು ಮುಳ್ಳುತಂತಿ ಎಳೆದರೆ ಎಮ್ಮೆ ನಿಲ್ಲುತ್ತದೆ, ಮೂರು ವರ್ಷದ ಮಗು ಕೆಳಗಿಂದ ನುಸುಳಿಬಿಡುತ್ತದೆ. ಜಾಳಿಗೆ ಬೇಲಿ ಹಾಕಿಸಬೇಕು, ಕೆಳಗೆ ಸಂದು ಬಿಡಬಾರದು.

ಇನ್ನು ಕಾಕಾ ಅವರ ಹತ್ತಿರ ನೀವು ಹೋಗಬೇಡಿ, ಮಾವನವರನ್ನು ಕಳಿಸಿ. ಬದುವಿನ ಮಾತು ಎತ್ತಲೇಬಾರದು, ನಮ್ಮ ಮಕ್ಕಳಿಗೆ ಭಯ ಅಂತಲೂ ಶುರು ಮಾಡಬಾರದು. ಹಾಳೆಯ ಮಾತಿನಿಂದ ಶುರು ಮಾಡಲಿ. ನೀರು ಕುಡಿಯೋಕೆ ಬಂದ ನಾಯಿ, ಆಡು, ಕರು ಒಳಗೆ ಇಳಿದರೆ ಉಗುರು, ಗೊರಸು ತಾಗಿ ಹಾಳೆ ಹರಿಯುತ್ತದೆ. ಹಾಳೆ ಹರಿದರೆ ನೀರೆಲ್ಲ ಇಂಗಿಹೋಗುತ್ತದೆ. ಹಾಳೆಗೆ ಎಷ್ಟು ರೊಕ್ಕ ಸುರಿದಿದ್ದಾರೆ ಅಂತ ಅವರಿಗೇ ಚೆನ್ನಾಗಿ ಗೊತ್ತು. ಈ ಮಾತು ಬೇಗ ನಾಟುತ್ತದೆ, ನಾನು ನೋಡಿದ್ದೇನೆ :) ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆ ಸುತ್ತ ತಂತಿ ಬೇಲಿಗೂ ಸಹಾಯಧನ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಅಂತ ಹೇಳಲಿ. ಕಂಬ ನೆಡೋಕೆ ನಿಮ್ಮ ಮನೆಯಿಂದ ಇಬ್ಬರು ಹೋಗಿ ನಿಂತರೆ ಮುನಿಸೂ ಕರಗಬಹುದು.

ಸಿಸ್ಟರ್_ಬಾಗಲಕೋಟೆ

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಎರಡನೇ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಬೇಡ. ಏಳು ವರ್ಷದ ಹುಡುಗಿಯನ್ನು ಮೂರು ವರ್ಷದವನಿಗೆ ಕಾವಲು ಇಡಬೇಡಿ. ಆಕೆಗೂ ಆಟ ಬೇಕು, ಮರೆಯುತ್ತಾಳೆ. ಮರೆಯದೇ ಇದ್ದರೆ ಇನ್ನೂ ಅಪಾಯ, ತಮ್ಮ ಬಿದ್ದ ಅಂತ ತಾನೂ ಹಾರುತ್ತಾಳೆ. ಕೆರೆ, ಕಾಲುವೆಯಲ್ಲಿ ಒಂದೇ ಮನೆಯ ಇಬ್ಬರು ಮೂವರು ಮಕ್ಕಳು ಹೋದ ಸುದ್ದಿ ಓದುತ್ತೀರಲ್ಲ, ಎಷ್ಟೋ ಸಲ ಒಬ್ಬರನ್ನು ಎತ್ತಲು ಹೋಗಿ ಇನ್ನೊಬ್ಬರು ಹೋಗಿರುತ್ತಾರೆ. ಆಕೆಗೆ ಕಲಿಸಬೇಕಾದ್ದು ಒಂದೇ: ನೀರಿಗೆ ಇಳಿಯಬಾರದು, ಜೋರಾಗಿ ಕೂಗಬೇಕು, ಕೈಗೆ ಸಿಕ್ಕ ಕೋಲು ಚಾಚಬೇಕು ಇಲ್ಲಾ ಹಗ್ಗ, ಖಾಲಿ ಕೊಡ ಎಸೆಯಬೇಕು. ಕೋಲು ಚಾಚುವಾಗ ನೆಲದ ಮೇಲೆ ಮಲಗಿ ಚಾಚಬೇಕು, ನಿಂತರೆ ಎಳೆದುಕೊಂಡು ಹೋಗುತ್ತದೆ. ಇದನ್ನು ಅಂಗಳದಲ್ಲೇ ಆಟದ ಹಾಗೆ ಮಾಡಿಸಿ ನೋಡಿ.

ಮಗು ಮುಳುಗುವಾಗ ಕಿರುಚುತ್ತದೆ, ಕೈ ಬಡಿಯುತ್ತದೆ, ನಮಗೆ ಕೇಳಿಸುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಹಾಗಾಗೋದು ಕಮ್ಮಿ. ಬಾಯಿ ನೀರೊಳಗೆ ಹೋದ ಮೇಲೆ ಕೂಗೋದು ಎಲ್ಲಿಂದ? ಸದ್ದೇ ಇರೋದಿಲ್ಲ, ಅದೂ ಕೆಲವೇ ನಿಮಿಷದ ಮಾತು. ಅದಕ್ಕೇ ಅಡುಗೆ ಮನೆಯಿಂದ ಕಿವಿಗೊಟ್ಟು ಕೂತರೆ ಅದನ್ನು ನೋಡಿಕೊಂಡ ಹಾಗೆ ಅನ್ನಲು ಬರೋದಿಲ್ಲ.

ಮನೆ ತುಂಬ ಮಂದಿ ಇದ್ದಾಗಲೇ ಜಾಸ್ತಿ ಎಚ್ಚರ ಬೇಕು. ಅತ್ತೆ ನೋಡುತ್ತಾರೆ ಅಂತ ನೀವು, ನೀವು ನೋಡುತ್ತೀರಿ ಅಂತ ನಾದಿನಿ, ನಾದಿನಿ ಇದ್ದಾಳಲ್ಲ ಅಂತ ಅತ್ತೆ. ಹೆಸರು ಹಿಡಿದು ಹೇಳಿ: "ಅತ್ತೀ, ಊಟ ಆಗೋ ತನಕ ಇವನು ನಿಮ್ಮ ಕಡೆ". ಅವರು ಹ್ಞೂಂ ಅಂದ ಮೇಲೇ ನೀವು ಕಣ್ಣು ತೆಗೆಯಬೇಕು. ತೋಟದ ಮನೆಗಳಲ್ಲಿ ಇನ್ನೊಂದಿದೆ. ತ್ರೀಫೇಸ್ ಕರೆಂಟ್ ಬಂತು ಅಂದರೆ ಇದ್ದವರೆಲ್ಲ ಮೋಟರ್ ಕಡೆ, ನೀರು ತಿರುವೋ ಕಡೆ ಓಡುತ್ತಾರೆ, ಮಗು ಅಂಗಳದಲ್ಲಿ ಒಂದೇ ಉಳಿಯುತ್ತದೆ. ಆ ಹೊತ್ತಿಗೆ ಯಾರು ನಿಲ್ಲಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಕೈಯಲ್ಲಿ ಮೊಬೈಲ್ ಇದ್ದರೆ ಅದೂ ಲೆಕ್ಕಕ್ಕಿಲ್ಲ.

ಹೊಂಡದ ಯೋಚನೆಯಲ್ಲಿ ಮನೆಯೊಳಗಿನದು ಮರೆಯಬೇಡಿ. ಸಣ್ಣ ಮಗುವಿಗೆ ಬಚ್ಚಲಿನ ಅರ್ಧ ಬಕೆಟ್ ನೀರೂ ಸಾಕು. ತಲೆ ಭಾರ ಇರುತ್ತದೆ, ಬಗ್ಗಿ ಬಿದ್ದರೆ ಮೇಲೇಳೋಕೆ ಬರೋದಿಲ್ಲ. ಬಳಸಿ ಆದ ಮೇಲೆ ಬಕೆಟ್ ಬೋರಲು ಹಾಕಿ, ಬ್ಯಾರಲ್ಲಿಗೆ, ಟಾಕಿಗೆ ಗಟ್ಟಿ ಮುಚ್ಚಳ ಹಾಕಿ. ಹಾಗೇ ಉಳಿದ ಎಣ್ಣೆ, ಅಂದರೆ ಹೊಡೆಯೋ ಔಷಧಿ, ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟಿದ್ದರೆ ಇವತ್ತೇ ತೆಗೆಯಿರಿ. ಮಗು ಅದನ್ನು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಮಲಪ್ರಭಾ_ದಂಡೆ

ಎಲ್ಲಾ ಸರಿ, ಆದರೆ ಈಗಿನ ತಾಯಂದಿರಿಗೆ ಭಯ ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ನಾವು ಸವದತ್ತಿ ಕಡೆಯವರು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವಿಗೆ ದೂಡಿದರು, ಕಲಿತೆವು. ಬೇಲಿ ಎಷ್ಟು ಕಡೆ ಹಾಕುತ್ತೀರಿ? ಇವತ್ತು ಹೊಂಡ, ನಾಳೆ ಕಾಲುವೆ, ನಾಡಿದ್ದು ಹೊಳೆ. ಮಕ್ಕಳಿಗೆ ಈಜು ಕಲಿಸಿ, ಚಿಂತೆ ಬಿಡಿ.

ಸಿಸ್ಟರ್_ಬಾಗಲಕೋಟೆ

ಅಣ್ಣಾರೆ, ಈಜು ಬೇಡ ಅಂತ ನಾನು ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಈಜು ಕಲಿಸಿ ಅಂತಲೇ ಹೇಳುತ್ತದೆ, ಆದರೆ ಆರು ವರ್ಷ ದಾಟಿದ ಶಾಲೆ ಮಕ್ಕಳಿಗೆ. ಅದಕ್ಕಿಂತ ಸಣ್ಣವರಿಗೆ ಅವರು ಹೇಳೋದು ತಡೆಗೋಡೆ, ಬೇಲಿ, ಮತ್ತೆ ಹಗಲು ಹೊತ್ತು ಮಗು ಇರೋಕೆ ಕಾವಲಿರೋ ಜಾಗ. ನಮ್ಮಲ್ಲಿ ಅಂಗನವಾಡಿ ಇದೆಯಲ್ಲ, ಹಾಗೆ. ಅಂದರೆ ಮಗಳಿಗೆ ಈ ಸೂಟಿಯಲ್ಲಿ ಕಲಿಸಬಹುದು, ದೊಡ್ಡವರು ಜೊತೆಗೆ ನೀರಲ್ಲಿದ್ದು. ಮಗನಿಗೆ ಬೇಲಿಯೇ ಬೇಕು. ಹಾಳೆ ಹಾಸಿದ ಹೊಂಡದಲ್ಲಿ ಈಜು ಬಂದವರ ಗತಿ ಏನು ಅಂತ ಮೇಲೆ ದ್ರಾಕ್ಷಿ ಅಣ್ಣ ಹೇಳಿಯೇ ಇದ್ದಾರೆ. ಡಬ್ಬಿ ಕಟ್ಟಿಸಿಕೊಂಡು ಕಲಿತವರು ಇವತ್ತು ಇಲ್ಲಿ ಬರೆಯುತ್ತಿದ್ದಾರೆ, ಬದುಕಿ ಬರದವರು ಬರೆಯೋದಿಲ್ಲವಲ್ಲ.

ಇನ್ನೊಂದು ಹೇಳೋದು ಬಿಟ್ಟೆ. ನೀರಿಂದ ಎತ್ತಿದ ಮಗುವನ್ನು ತಲೆಕೆಳಗೆ ಹಿಡಿದು ಗರಗರ ತಿರುಗಿಸೋದು, ಹೊಟ್ಟೆ ಒತ್ತೋದು ಹಳ್ಳಿಗಳಲ್ಲಿ ಇನ್ನೂ ನಡೆಯುತ್ತದೆ. ಮಾಡಬೇಡಿ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಹೋಗುತ್ತದೆ, ಹೊತ್ತೂ ಹಾಳು. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದೆ ಬಾಗಿಸಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಮತ್ತೆ 2 ಸಲ ಉಸಿರು, ಹೀಗೇ ನಿಲ್ಲಿಸದೆ ಮಾಡಿ. ಇನ್ನೊಬ್ಬರು 108ಕ್ಕೆ ಫೋನ್ ಹಚ್ಚಲಿ. ಮಗು ಕೆಮ್ಮಿ ಎದ್ದು ಕೂತರೂ ಆಸ್ಪತ್ರೆಗೆ ತೋರಿಸಲೇಬೇಕು. ಕೆಲವು ತಾಸು ಕಳೆದ ಮೇಲೂ ಉಸಿರಾಟ ಕೆಡಬಹುದು.

ಇಂಡಿ_ಲಿಂಬಿ

ಹೊಂಡದ ಮಾತಾಯ್ತು, ಬೋರಿನದು ಯಾರೂ ಎತ್ತಲಿಲ್ಲ. ನಮ್ಮ ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಎರಡು ವರ್ಷದ ಹುಡುಗ ಕೊಳವೆಬಾವಿಗೆ ಬಿದ್ದಿದ್ದ, ಪಕ್ಕದಲ್ಲಿ ಗುಂಡಿ ತೋಡಿ ಸುಮಾರು 20 ತಾಸಿನ ಮೇಲೆ ಜೀವಂತ ಎತ್ತಿದರು. ಆ ರಾತ್ರಿ ನಮ್ಮ ಕಡೆ ಯಾರಿಗೆ ನಿದ್ದೆ ಬಂದಿತ್ತು? ಆದರೆ 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಬಿದ್ದ ಆರು ವರ್ಷದ ಹುಡುಗಿ ಉಳಿಯಲಿಲ್ಲ.

ಸುಪ್ರೀಂ ಕೋರ್ಟ್ 2010ರಲ್ಲೇ ಎಲ್ಲ ಬಿಡಿಸಿ ಹೇಳಿದೆ. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯುವಾಗ ಸುತ್ತ ಬೇಲಿ ಮತ್ತು ಫಲಕ ಇರಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಬೇಕು, ಬಾಯಿಗೆ ಕಬ್ಬಿಣದ ಪ್ಲೇಟ್ ವೆಲ್ಡ್ ಮಾಡಿಸಬೇಕು, ಬಿಟ್ಟ ಬೋರನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲದ ಮಟ್ಟದ ತನಕ ತುಂಬಬೇಕು. ನಮ್ಮಲ್ಲಿ ಆಗೋದು ಏನಪ್ಪಾ ಅಂದರೆ, ನೀರು ಬೀಳಲಿಲ್ಲ ಅಂತ ಬೇಜಾರಲ್ಲಿ ಇರುವಾಗಲೇ ಇನ್ನೊಂದು ಪಾಯಿಂಟಿಗೆ ಬೇಕಲ್ಲ ಅಂತ ಕೇಸಿಂಗ್ ಪೈಪ್ ಕಿತ್ತುಕೊಂಡು ಹೋಗುತ್ತಾರೆ. ಬಾಯಿಯ ಮಣ್ಣು ಕುಸಿದು ತೂತು ಅಗಲ ಆಗುತ್ತದೆ. ಸುತ್ತ ಹುಲ್ಲು ಬೆಳೆದರೆ ಕೊರೆಸಿದವನಿಗೂ ಜಾಗ ಗೊತ್ತಾಗೋದಿಲ್ಲ.

ತೋಟದ_ವಸ್ತಿ_ಸೊಸೆ

ಎಲ್ಲರಿಗೂ ಧನ್ಯವಾದ. ದ್ರಾಕ್ಷಿ ಅಣ್ಣ, ಸಿಸ್ಟರ್ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಬಾವಿ ಮಾತಿಗೆ ಸುಮ್ಮನಾದರು, ಆದರೆ ಬಕೆಟ್ ಮಾತಿಗೆ ಎದ್ದು ಹೋಗಿ ಬಚ್ಚಲು ನೋಡಿ ಬಂದರು! ಮಾವ ನಾಳೆ ಕಾಕಾ ಅವರ ಹತ್ತಿರ ಹೋಗುತ್ತಾರೆ, ಹಾಳೆ ಮಾತೇ ಎತ್ತುತ್ತಾರಂತೆ. ಇಂಡಿ ಅಣ್ಣಾರೆ, ನಮ್ಮದೇ ಹೊಲದ ಮೂಲೆಯಲ್ಲಿ ಒಂದು ಫೇಲ್ ಆದ ಬೋರ್ ಇದೆ. ಬಾಯಿಗೆ ಗೋಣಿಚೀಲ ತುರುಕಿ ಮೇಲೆ ಕಲ್ಲು ಇಟ್ಟಿದ್ದಾರೆ. ಅದು ಸಾಕಾ? ಮತ್ತೆ ಬೇಲಿ ಆಗೋ ತನಕ ನಾವೇನು ಮಾಡಬೇಕು?

ಇಂಡಿ_ಲಿಂಬಿ

ಸಾಲದು ತಂಗಿ. ಚೀಲ ಮಳೆಗೆ ಕೊಳೆಯುತ್ತದೆ, ಕಲ್ಲನ್ನು ಮಕ್ಕಳೇ ಉರುಳಿಸುತ್ತಾರೆ. ಮೊದಲು ಚೀಲ ಹೊರಗೆ ಎಳೆದು ಹಾಕಿ, ಅದು ನಡುವೆ ಸಿಕ್ಕಿಕೊಂಡಿದ್ದರೆ ಮಣ್ಣು ಅದರ ಮೇಲೇ ನಿಲ್ಲುತ್ತದೆ, ಕೆಳಗೆ ಪೊಳ್ಳು ಉಳಿದು ಒಂದು ದಿನ ಕುಸಿಯುತ್ತದೆ. ಸಣ್ಣ ಕಲ್ಲು, ಮರಳು ಸ್ವಲ್ಪ ಸ್ವಲ್ಪ ಬಿಡುತ್ತಾ ತುಂಬಿಸಿ. ಮಳೆ ಬಂದ ಮೇಲೆ ಮತ್ತೊಮ್ಮೆ ಹೋಗಿ ನೋಡಿ, ಕುಗ್ಗಿದ್ದರೆ ಮತ್ತೆ ಹಾಕಿ. ಮುಂದೆ ಬಳಸೋ ಯೋಚನೆ ಇದ್ದರೆ ಪ್ಲೇಟ್ ವೆಲ್ಡ್ ಮಾಡಿಸಿ.

ತಿಕೋಟಾ_ದ್ರಾಕ್ಷಿ

ಬೇಲಿ ಆಗೋ ತನಕ ಬೇಲಿಯನ್ನು ಈ ಕಡೆಗೇ ಹಾಕಿಕೊಳ್ಳಿ. ಹೊಂಡ ಅವರದು, ಅಂಗಳ ನಿಮ್ಮದು. ಬದುವಿಗೆ ಹೋಗೋ ಜಾಗಕ್ಕೆ ಹಳೆ ಶೇಡ್ ನೆಟ್ ಇಲ್ಲಾ ತಗಡು ಕಟ್ಟಿ, ಒಂದು ಗೇಟ್ ಇಡಿ. ಚಿಲಕ ಮಗನ ಕೈಗೆ ಎಟುಕದಷ್ಟು ಮೇಲೆ ಇರಲಿ, ಹತ್ತಿ ನಿಲ್ಲೋಕೆ ಹತ್ತಿರ ಕಲ್ಲು, ಬುಟ್ಟಿ ಏನೂ ಇರಬಾರದು. ಕಾಕಾ ಒಪ್ಪಿದರೆ ಹೊಂಡಕ್ಕೆ ನಾಲ್ಕೂ ಕಡೆಯಿಂದ ಗಂಟು ಹಾಕಿದ ನೈಲಾನ್ ಹಗ್ಗ ಇಳಿಬಿಡಿ. ಮೇಲೆ ಗೂಟಕ್ಕೆ ಗಟ್ಟಿ ಕಟ್ಟಿ, ತುದಿ ನೀರೊಳಗೆ ಇರಬೇಕು, ದಂಡೆ ಮೇಲೆ ಸುತ್ತಿ ಇಟ್ಟರೆ ಒಳಗೆ ಬಿದ್ದವನಿಗೆ ಸಿಗೋದಿಲ್ಲ. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದನ್ನು ಹಗ್ಗ ಕಟ್ಟಿ ನೀರಲ್ಲಿ ಬಿಡಿ. ಬಿಸಿಲಿಗೆ ಟ್ಯೂಬ್ ಬೇಗ ಪೊಳ್ಳಾಗುತ್ತದೆ, ಆಗಾಗ ಒತ್ತಿ ನೋಡುತ್ತಿರಬೇಕು. ಮಾವ ಹೋಗಿ ಬಂದ ಮೇಲೆ ಏನಾಯ್ತು ಅಂತ ಇಲ್ಲೇ ಬರೆಯಿರಿ. ಬೇಲಿ ಸಹಾಯಧನದ ಅರ್ಜಿಗೆ ಕಾಕಾ ಅವರ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೇಳುತ್ತಾರೆ, ತೆಗೆದಿಟ್ಟುಕೊಳ್ಳಲಿ.