ಜಾತಿ ಸರ್ಟಿಫಿಕೇಟು, ದೀಕ್ಷಾಸ್ನಾನ, ಮನಸ್ಸಾಕ್ಷಿ: ಸತ್ಯ ಹೇಳಿದವರು ಏನು ಕಳ್ಕೊಂಡ್ರಿ?

ಕೇಳಿದ್ದು

ಎಲ್ಲರಿಗೂ ವಂದನೆ. ಚಾಮರಾಜನಗರ ಜಿಲ್ಲೆಯವನು, ಪರಿಶಿಷ್ಟ ಜಾತಿ ಕುಟುಂಬ. ಡಿಗ್ರಿ ಮುಗ್ಸಿ ಸರ್ಕಾರಿ ಎಕ್ಸಾಮ್‌ಗೆ ಓದ್ತಾ ಇದೀನಿ. ಕಾಲೇಜಲ್ಲಿದ್ದಾಗ ಯೇಸುವನ್ನ ನಂಬಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡೆ, ಅಪ್ಪ ಅಮ್ಮ ತಗೊಂಡಿಲ್ಲ. ಕ್ರೈಸ್ತರಾದವರಿಗೆ ಕಾನೂನಲ್ಲಿ ಎಸ್‌ಸಿ ಮೀಸಲಾತಿ ಇಲ್ಲ, ಆದ್ರೆ ನನ್ನ ಸರ್ಟಿಫಿಕೇಟಲ್ಲಿ ಈಗ್ಲೂ ಹಿಂದೂ, ಎಸ್‌ಸಿ ಅಂತಾನೇ ಇದೆ. ಸಭೆಯ (ಚರ್ಚಿನ) ಹಿರಿಯರನ್ನ ಕೇಳಿದ್ರೆ ಕಾಗದ ಅದರ ಪಾಡಿಗೆ ಇರ್ಲಿ ಬಿಡು, ದೇವರು ಹೃದಯ ನೋಡ್ತಾನೆ ಅಂತಾರೆ. ಆದ್ರೆ ಅರ್ಜಿ ತುಂಬೋಕೆ ಕೂತಾಗೆಲ್ಲ ಹೌದಾದ್ರೆ ಹೌದು, ಅಲ್ಲವಾದ್ರೆ ಅಲ್ಲ ಅನ್ನಿ ಅಂತ ಯೇಸು ಹೇಳಿದ್ದೇ ಕಣ್ಮುಂದೆ ಬರುತ್ತೆ. ಈ ದಾರಿಯಲ್ಲಿ ಹೋದವರು ಏನು ಮಾಡಿದ್ರಿ, ಏನು ಕಳ್ಕೊಂಡ್ರಿ, ಇದ್ದಿದ್ದು ಇದ್ದ ಹಾಗೆ ಹೇಳಿ.

ಕೋಲಾರದಿಂದ ಒಬ್ಬ ಅಕ್ಕ

ತಮ್ಮಾ, ನಾನು ಬಿಎಡ್ ಮುಗಿಸಿ ಟೀಚರ್ ಪೋಸ್ಟಿಗೆ ಅರ್ಜಿ ಹಾಕೋವಾಗ ಎಸ್‌ಸಿ ಅಂತ ತುಂಬ್ಲಿಲ್ಲ. ಕೆಲಸ ಸಿಗ್ಲಿಲ್ಲ. ನನ್ನ ಜೊತೆ ಓದಿದವಳು, ನಮ್ಮದೇ ಸಭೆಯವಳು, ನನಗಿಂತ ಕಡಿಮೆ ಮಾರ್ಕ್ಸ್, ಕೋಟಾದಲ್ಲಿ ಸೆಲೆಕ್ಟ್ ಆದ್ಲು. ಈಗ ಅವಳಿಗೆ ಸ್ವಂತ ಮನೆ ಇದೆ, ನಾನು ಇನ್ನೂ ಪ್ರೈವೇಟ್ ಸ್ಕೂಲಲ್ಲಿ, ಬೇಸಿಗೆ ರಜೆ ಸಂಬಳ ಕೊಡ್ತಾರೋ ಇಲ್ವೋ ಅಂತ ಏಪ್ರಿಲ್ ಬಂದ್ರೆ ಚಿಂತೆ. ಇದನ್ನ ಮುಚ್ಚಿಟ್ಟು ನಿನಗೆ ಧೈರ್ಯವಾಗಿರು ಅಂದ್ರೆ ಅದೂ ಸುಳ್ಳೇ ಆಗುತ್ತೆ.

ದುಡ್ಡಿಗಿಂತ ಹೆಚ್ಚು ನೋವಾಗಿದ್ದು ಅಮ್ಮಂದು. ಕೂಲಿ ಮಾಡಿ ಓದ್ಸಿದವರು, "ನಿನ್ನ ದೇವರು ನನ್ನ ಬೆವರು ನೋಡ್ಲಿಲ್ವಾ" ಅಂತ ಕೇಳಿದ್ರು, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ತುಂಬಾ ದಿನ ಮಾತೇ ಆಡ್ಲಿಲ್ಲ ಅವರು. ಇನ್ನೊಂದು ವಿಷ್ಯ, ಕಾಗದದಿಂದ ಜಾತಿ ಹೋಗುತ್ತೆ ಅಷ್ಟೇ, ಊರಿನ ಕಣ್ಣಿಂದ ಹೋಗಲ್ಲ. ಬಾಡಿಗೆ ಮನೆ ಕೇಳೋಕೆ ಹೋದ್ರೆ ಯಾವ ಕೇರಿ ಅಂತ ತಿಳ್ಕೊಳ್ತಾರೆಯೇ ಹೊರತು ದೀಕ್ಷಾಸ್ನಾನ ಆಗಿದ್ಯಾ ಅಂತ ಯಾರೂ ಕೇಳಲ್ಲ.

ಸಭೆಯಲ್ಲಿ ನನಗೂ ಬೈಬಲ್ಲಿನ ನಾಮಾನ ಅನ್ನೋ ಸೇನಾಪತಿಯ ಕಥೆ ಹೇಳಿದ್ರು. ಅವನು ರಾಜನ ಜೊತೆ ರಿಮ್ಮೋನ ಅನ್ನೋ ಬೇರೆ ದೇವರ ಗುಡಿಯಲ್ಲಿ ಬಗ್ಗಬೇಕಾಗುತ್ತೆ ಅಂದ್ರೂ ಪ್ರವಾದಿ ಎಲೀಷ ಸಮಾಧಾನದಿಂದ ಹೋಗು ಅಂದ, ನೀನ್ಯಾಕೆ ಇಷ್ಟು ಹಟ ಮಾಡ್ತೀಯ ಅಂತ. ನಾನು ಎರಡನೇ ಅರಸುಗಳು 5 ಮತ್ತೆ ಮತ್ತೆ ಓದಿದೆ. ನಾಮಾನ ತನ್ನ ತೊಂದರೆನ ಪ್ರವಾದಿ ಮುಂದೆ ಬಾಯ್ಬಿಟ್ಟು ಹೇಳ್ಕೊಂಡ, ಬಚ್ಚಿಡಲಿಲ್ಲ. ಅದೇ ಅಧ್ಯಾಯದಲ್ಲಿ ಬಚ್ಚಿಟ್ಟವನು ಎಲೀಷನ ಆಳು ಗೇಹಜಿ, ನಾಮಾನನ ಹತ್ರ ಸುಳ್ಳು ಹೇಳಿ ಉಡುಗೊರೆ ತಗೊಂಡವನು. ಅದಾದ್ಮೇಲೆ ನನಗೆ ಆ ಕಾಲಂ ತುಂಬೋದು ಸುಲಭ ಆಯ್ತು ಅಂತಲ್ಲ, ಆದ್ರೆ ಬೇರೆ ಥರ ತುಂಬೋಕೆ ಆಗ್ಲಿಲ್ಲ. ರಾತ್ರಿ ನಿದ್ದೆ ಬರುತ್ತೆ. ಮಕ್ಕಳ ಮುಂದೆ ಸುಳ್ಳು ಹೇಳ್ಬೇಡಿ ಅನ್ನೋವಾಗ ಗಂಟಲು ಕಟ್ಟಲ್ಲ.

ಹೆಸರು ಬೇಡ ಅಂದವರು

ನಾನು ಸರ್ಟಿಫಿಕೇಟ್ ಇಟ್ಕೊಂಡಿರೋನು, ಅದಕ್ಕೇ ಬರೀತಿದೀನಿ. ನಮ್ಮನ್ನ ಸುಳ್ಳುಗಾರರು ಅನ್ನೋ ಮುಂಚೆ ಕಾನೂನನ್ನೂ ಸ್ವಲ್ಪ ನೋಡಿ. 1950ರ ರಾಷ್ಟ್ರಪತಿ ಆದೇಶದಲ್ಲಿ ಎಸ್‌ಸಿ ಅಂದ್ರೆ ಹಿಂದೂ ಆಗಿರ್ಬೇಕು ಅಂತ ಬಂತು, 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು, ಕ್ರೈಸ್ತರು ಮುಸ್ಲಿಮರು ಮಾತ್ರ ಹೊರಗೆ. ಎಸ್‌ಟಿಗೆ ಈ ಷರತ್ತೇ ಇಲ್ಲ. ಮದ್ರಾಸಲ್ಲಿ ರಸ್ತೆ ಬದಿ ಚಪ್ಪಲಿ ಹೊಲೀತಿದ್ದ ಸೂಸೈ ಅನ್ನೋರು, ಚಮ್ಮಾರರಿಗೆ ಸರ್ಕಾರ ಕೊಡೋ ಪೆಟ್ಟಿಗೆ ಅಂಗಡಿ ನನಗ್ಯಾಕಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತ್ರು. ಮತಾಂತರ ಆದ್ಮೇಲೂ ಅಷ್ಟೇ ತಾರತಮ್ಯ ಇದೆ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತ ಕೋರ್ಟ್ ಹೇಳ್ತು. ಅವರು ಹೊಲೀತಿದ್ದಿದ್ದು ಅದೇ ಚಪ್ಪಲಿ, ಅದೇ ರಸ್ತೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಈ ಷರತ್ತು ತೆಗೀರಿ ಅಂತ ವರದಿ ಕೊಡ್ತು, ಆಮೇಲೆ 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಮಾಡಿದ್ರು. ಅನ್ಯಾಯದ ಕಾನೂನಿಗೆ ನನ್ನ ಮಗಳ ಓದನ್ನ ಯಾಕೆ ಬಲಿ ಕೊಡ್ಲಿ? ಇಷ್ಟು ಹೇಳಿದ್ಮೇಲೂ ಒಂದು ಒಪ್ಕೋತೀನಿ, ಸಭೆಯಲ್ಲಿ ನನ್ನನ್ನ ನಂಬಿಕೆಯ ಸಾಕ್ಷಿ ಹೇಳೋಕೆ ಕರೆದ್ರೆ ನಾನು ಎದ್ದು ನಿಲ್ಲಲ್ಲ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ತಾರಲ್ಲ, ಆ ಭಯ. ಇದೂ ಒಂದು ಬೆಲೆನೇ, ತಮ್ಮಾ, ಲೆಕ್ಕಕ್ಕೆ ಹಿಡ್ಕೋ.

ಗದಗ ಕಡೆಯಿಂದ ಒಬ್ಬರು ಹಿರಿಯರು

ನಮಸ್ಕಾರ್ರೀ. ನಮ್ಮದು ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿಂದ ಬಂದ ಮಿಶನರಿಗಳು ಕಟ್ಟಿದ್ದು. ತಮ್ಮಾ, ನೀ ಕೇಳಿದ್ದು ಹೊಸಾದಲ್ಲ. 1844ರಾಗ ಮಂಗಳೂರಾಗ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣರ ಹುಡುಗ ದೀಕ್ಷಾಸ್ನಾನ ತಗೊಂಡಾಗ ದೊಡ್ಡ ಗದ್ದಲ ಆತು, ಮನಿಯವರ ಪಾಲಿಗೆ ಅಂವ ಇಲ್ಲದಂಗ ಆದ. ಆಮ್ಯಾಲೆ ಬಾಸೆಲ್‌ಗೆ ಹೋಗಿ ಓದಿ ಬಂದು ಮಿಶನರಿ ಆದ್ರು. ಅವರು ಓದಿದವರು, ಬಡವರ ಕಥಿ ಬ್ಯಾರೆ. ಸಭೆಗೆ ಬಂದ ಬಡವರಿಗೆ ಜಾತಿ ಜೋಡಿ ಕಸುಬೂ ಹೋತು, ಮನಿನೂ ಹೋತು, ಉಣ್ಣಾಕ ಇಲ್ಲದಂಗ ಆತು. ಅಂಥವರಿಗೆ ಕೆಲಸ ಬೇಕಂತ ಮಿಶನ್‌ನವರು ನೇಯ್ಗಿ ಕಾರ್ಖಾನಿ ತಗದ್ರು, 1865ರಾಗ ಮಂಗಳೂರ ಜೆಪ್ಪುದಾಗ ಹೆಂಚಿನ ಕಾರ್ಖಾನಿ ತಗದ್ರು. ಮಂಗಳೂರು ಹೆಂಚು ಎಲ್ಲರಿಗೂ ಗೊತ್ತೈತಿ, ಅದರ ಹಿಂದ ಮನಿ ಕಳಕೊಂಡ ವಿಶ್ವಾಸಿಗಳ ಹೊಟ್ಟಿ ಪ್ರಶ್ನೆ ಇತ್ತು ಅನ್ನೋದು ನಮ್ಮ ಸಭೆದಾಗೇ ಭಾಳ ಮಂದಿಗೆ ಗೊತ್ತಿಲ್ಲ.

ನಾ ಹೇಳೂದು ಇಷ್ಟ. ಅವಾಗ ಒಬ್ಬ ಸತ್ಯಕ್ಕ ನಿಂತ್ರ ಸಭೆ ಅವನ ಜೋಡಿ ನಿಂತಿತ್ತು. ಈಗಿನ ಹಿರೇರು "ಕಾಗದ ಇರ್ಲಿ ಬಿಡು" ಅಂತಾರ, ಯಾಕಂದ್ರ ಹುಡುಗ ಸತ್ಯ ಹೇಳಿದ್ರ ಅವನ ಕೋಚಿಂಗ್ ಫೀ ಯಾರು ಕಟ್ಟಬೇಕು ಅನ್ನೋ ಪ್ರಶ್ನೆ ತಮ್ಮ ತಲಿ ಮ್ಯಾಲೆ ಬರ್ತೈತಿ. ಬಿಲ್ಡಿಂಗ್ ಫಂಡಿಗೆ ರೊಕ್ಕ ಕೂಡತೈತಿ, ಇದಕ್ಯಾಕ ಕೂಡಂಗಿಲ್ಲ? ಗಲಾತ್ಯದಾಗ ಒಬ್ಬರ ಭಾರ ಒಬ್ಬರು ಹೊರ್ರಿ ಅಂತ ಬರದದ್ದು ಸಭೆಗೇ ಬರದದ್ದು. ನೀ ನಿಮ್ಮ ಹಿರೇರನ್ನ ನೇರ ಕೇಳು, ನಾ ಬಿಟ್ಟಕೊಟ್ರ ನೀವು ನನ್ನ ಕೈ ಹಿಡೀತೀರೇನು ಅಂತ.

ಬೆಂಗಳೂರಿಂದ

ಚಿಕ್ಕದಾಗಿ ಹೇಳ್ತೀನಿ. 2025ರ ಸೆಪ್ಟೆಂಬರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬಂದಾಗ ಧರ್ಮ ಕ್ರೈಸ್ತ ಅಂತಾನೇ ಬರೆಸ್ದೆ. ಮಗ ಜಗಳ ಆಡಿದ, ನಿಮಗೆ ಕೆಲಸ ಸಿಕ್ಕಿ ಆಯ್ತಲ್ಲ, ನಮ್ಮ ಗತಿ ಏನು ಅಂತ. ಅವನ ಕೋಪದಲ್ಲಿ ನ್ಯಾಯ ಇದೆ. ಆದ್ರೂ ನಮ್ಮ ತಲೆಯೇ ಲೆಕ್ಕಕ್ಕೆ ಬರ್ಲಿಲ್ಲ ಅಂದ್ರೆ ಮೀಸಲಾತಿ ಕೊಡಿ ಅಂತ ನಾಳೆ ಯಾವ ಬಾಯಲ್ಲಿ ಕೇಳೋದು?

ಕಂದಾಯ ಇಲಾಖೆಯಿಂದ ನಿವೃತ್ತರು

ತಮ್ಮಾ, ಮೊದಲು ಭಯ ಇಳಿಸ್ಕೋ. ನೀನು ಸತ್ಯ ಹೇಳಿದ್ರೆ ಅಪ್ಪ ಅಮ್ಮನ ಸರ್ಟಿಫಿಕೇಟಿಗೆ ಏನೂ ಆಗಲ್ಲ. 1950ರ ಆದೇಶ ಹೇಳೋದು ಯಾರು ಬೇರೆ ಧರ್ಮ ಪಾಲಿಸ್ತಾರೋ ಅವರ ಬಗ್ಗೆ, ಅಪ್ಪ ಅಮ್ಮ ಇನ್ನೂ ಹಿಂದೂಗಳೇ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಗುಂಪಲ್ಲಿ ಬರ್ತಾರೆ, ಆದ್ರೆ ಎಸ್‌ಸಿಯಿಂದ ಕ್ರೈಸ್ತರಾದವರಿಗೆ ಅದೇ ಪಟ್ಟಿಯ ಪ್ರವರ್ಗ 1 ಇದೆ, ಇದು ಎಷ್ಟೋ ಪಾಸ್ಟರ್‌ಗಳಿಗೇ ಗೊತ್ತಿಲ್ಲ. 2022ರ ರಾಜ್ಯದ ಕಾನೂನು ಹೇಳಿದ ಎಸ್‌ಸಿ 17 ಪರ್ಸೆಂಟ್ ಎಲ್ಲಿ, ಪ್ರವರ್ಗ 1ರ 4 ಪರ್ಸೆಂಟ್ ಎಲ್ಲಿ, ನಷ್ಟ ಖಂಡಿತ ಇದೆ, ಆದ್ರೆ ಕೈ ಪೂರ್ತಿ ಖಾಲಿ ಅಲ್ಲ. ನಾಡಕಚೇರಿಲಿ ಅರ್ಜಿ ಹಾಕೋ ಮುಂಚೆ ತಹಸೀಲ್ದಾರ್ ಆಫೀಸಲ್ಲಿ ಕೇಸ್ ವರ್ಕರ್ ಹತ್ರ ಕೂತು ಮಾತಾಡು, ದೀಕ್ಷಾಸ್ನಾನದ ಪತ್ರ, ಅಪ್ಪನ ಜಾತಿ ಪ್ರಮಾಣಪತ್ರ ಎರಡೂ ತಗೊಂಡು ಹೋಗು.

ಕಾಗದ ಇರ್ಲಿ ಬಿಡು ಅನ್ನೋವ್ರಿಗೂ ಒಂದು ಮಾತು. ಕೆಲಸ ಸಿಕ್ಕಿದ್ಮೇಲೆ ಸಿಂಧುತ್ವ ಪ್ರಮಾಣಪತ್ರ (ಜಾತಿ ಸರ್ಟಿಫಿಕೇಟು ಸರಿ ಇದೆ ಅಂತ ಪರಿಶೀಲಿಸಿ ಕೊಡೋ ಪತ್ರ) ಕೇಳ್ತಾರೆ, ಯಾರಾದ್ರೂ ಒಂದು ದೂರು ಕೊಟ್ರೆ ಡಿಸಿಆರ್‌ಇ, ಅಂದ್ರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ತನಿಖೆ ಬರುತ್ತೆ. 2024ರ ನವೆಂಬರಲ್ಲಿ ಪುದುಚೇರಿಯ ಸೆಲ್ವರಾಣಿ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟ್, ಚರ್ಚಿಗೆ ಹೋಗ್ತಾ ಬರೀ ಮೀಸಲಾತಿಗಾಗಿ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡೋ ಮೋಸ ಅಂತ ಹೇಳಿದೆ. ಸಂಸಾರ ಕಟ್ಕೊಂಡ ಮೇಲೆ ಕೆಲಸ ಹೋಗೋದು ಈಗ ಸಿಗದೇ ಇರೋದಕ್ಕಿಂತ ಕಷ್ಟ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಪ್ರವರ್ಗ 1 ವಿಷ್ಯ ನಿಜವಾಗ್ಲೂ ಗೊತ್ತಿರ್ಲಿಲ್ಲ. ಅಕ್ಕಾ, ಅಪ್ಪನಿಗೆ ಹೇಗೆ ಹೇಳೋದು ಅದೊಂದು ಹೇಳಿ.

ಕೋಲಾರದ ಅಕ್ಕ

ಸರ್ಟಿಫಿಕೇಟ್ ಕೈಗೆ ಬಂದ್ಮೇಲೆ ಹೇಳ್ಬೇಡ, ಅರ್ಜಿ ಹಾಕೋ ಮುಂಚೆನೇ ಹೇಳು. ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳೋದು ಬೇಡ. ಪಾಸ್ಟರ್‌ನ ಜೊತೆಗೆ ಕರ್ಕೊಂಡು ಹೋಗ್ಬೇಡ, ಅಪ್ಪನಿಗೆ ಅವಮಾನ ಅನ್ಸುತ್ತೆ, ಒಬ್ಬನೇ ಹೋಗು. ವಾಕ್ಯ ಹೇಳೋಕೆ ಶುರು ಮಾಡ್ಬೇಡ. ಓದ್ಸಿದ್ದಕ್ಕೆ ಋಣಿ ಅಂತ ಮೊದ್ಲು ಹೇಳು, ಎಸ್‌ಸಿ ಕೋಟಾ ಇಲ್ದೆ ಎಷ್ಟು ವರ್ಷ ಟ್ರೈ ಮಾಡ್ತೀಯ, ಅಲ್ಲಿವರೆಗೆ ಮನೆಗೆ ತಿಂಗಳಿಗೆ ಎಷ್ಟು ಕೊಡ್ತೀಯ ಅಂತ ಲೆಕ್ಕ ಇಡು. ಬೈದ್ರೆ ಬೈಸ್ಕೋ. ನಮ್ಮಮ್ಮ ಮಾತಾಡೋಕೆ ಶುರು ಮಾಡಿದ್ದು ನಾನು ಪ್ರತಿ ಶನಿವಾರ ತಪ್ಪದೆ ಮನೆಗೆ ಹೋಗ್ತಾ ಇದ್ದಿದ್ದಕ್ಕೆ.