ಬ್ರೇಕ್ ಒತ್ತಿದಾಗ ಕಾರು ಅದುರುತ್ತದೋ, ನಡುಗುತ್ತದೋ?

ಎಲ್ಲರಿಗೂ ನಮಸ್ಕಾರ.

ಹಳೆ ಕಾರು ಇಟ್ಟುಕೊಂಡವರಿಗಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಬ್ರೇಕಿನ ಅಧ್ಯಾಯದಲ್ಲಿ ಪದ ಸಿಗದೆ ನಿಂತಿದ್ದೇನೆ. ಬ್ರೇಕ್ ಒತ್ತಿದಾಗ ಮಾತ್ರ ಬರುವ ಅಲುಗಾಟಕ್ಕೆ ಇಂಗ್ಲಿಷಿನಲ್ಲಿ 'ಜಡರ್' ಎಂಬ ಬೇರೆಯದೇ ಮಾತಿದೆ. ನಾವು ಎಲ್ಲದಕ್ಕೂ 'ವೈಬ್ರೇಶನ್' ಅಂದುಬಿಡುತ್ತೇವೆ. ಪುಸ್ತಕದಲ್ಲಾದರೆ 'ಕಂಪನ'. ಎರಡೂ ಸಾಲುವುದಿಲ್ಲ.

ಯಾಕೆ ಸಾಲುವುದಿಲ್ಲ ಅಂದರೆ, ನನ್ನ 16 ವರ್ಷದ ಕಾರನ್ನು 'ವೈಬ್ರೇಶನ್ ಇದೆ' ಎಂದಷ್ಟೇ ಹೇಳಿ ಗ್ಯಾರೇಜಿನಲ್ಲಿ ಬಿಟ್ಟು ಬಂದಿದ್ದೆ. ಚಕ್ರದ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ಆ ಮಾತಿಗೆ ಅದೇ ರಿಪೇರಿ, ಅಲ್ವಾ? ಆದರೆ ಬ್ಯಾಲೆನ್ಸ್ ತಪ್ಪಿದ ಚಕ್ರ ಬ್ರೇಕ್ ಮುಟ್ಟದಿದ್ದರೂ ವೇಗ ಹಿಡಿದಾಗ ಅಲುಗಿಸುತ್ತದೆ. ನನ್ನ ಕಾರು ಬ್ರೇಕ್ ಒತ್ತುವ ತನಕ ಸುಮ್ನೆ ಓಡುತ್ತಿತ್ತು.

ಕನ್ನಡದಲ್ಲಿ ಇದಕ್ಕೆ ಪದಗಳು ಕಡಿಮೆ ಇಲ್ಲ. ತುಟಿ ಅದುರುತ್ತದೆ, ಕಣ್ಣಿನ ರೆಪ್ಪೆ ಅದುರುತ್ತದೆ. ಸಣ್ಣದು, ಬೇಗ ಬೇಗ, ಒಂದು ಜಾಗದಲ್ಲಿ. ಸ್ಟೀರಿಂಗಿನಲ್ಲಿ ಕೈಗೆ ಸಿಗುವುದು ಇದೇ 'ಅದುರು'. ಹೆಚ್ಚಾಗಿ ಮುಂದಿನ ಚಕ್ರದ ಡಿಸ್ಕಿನಿಂದ, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ಬಿಲ್ಲೆಯಿಂದ, ಬರುತ್ತದೆ. ಚಳಿಗೆ ಮೈಯೆಲ್ಲ ನಡುಗುತ್ತದೆ. ಸೀಟಿನಲ್ಲಿ, ಇಡೀ ಗಾಡಿಯಲ್ಲಿ ಗೊತ್ತಾಗುವುದಕ್ಕೆ 'ನಡುಕ' ಸರಿ. ಅಲ್ಲಿ ಹಿಂದಿನ ಬ್ರೇಕನ್ನೂ ನೋಡಬೇಕು. ಇನ್ನು ಪೆಡಲ್ ಪಾದದಡಿ ಮೇಲೆ ಕೆಳಗೆ ಆಡುತ್ತದಲ್ಲ, ಅದು ನಾಡಿಯ ಹಾಗೆ 'ಮಿಡಿತ'. ನನಗೆ ಅತಿ ಇಷ್ಟವಾದ ಪದ ಇದೇ. ಗಾಡಿ ನಿಧಾನವಾದಂತೆ ಈ ಮಿಡಿತವೂ ನಿಧಾನವಾಗುತ್ತದೆ, ಯಾಕೆಂದರೆ ಚಕ್ರ ಒಂದು ಸುತ್ತು ಬಂದರೆ ಸಾಮಾನ್ಯವಾಗಿ ಒಂದು ಇಲ್ಲವೇ ಎರಡು ಮಿಡಿತ. ಜಾರುವ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಪೆಡಲನ್ನು 'ಟಕಟಕ' ಕುಟ್ಟುವುದು ಬೇರೆ, ಅದು ದೋಷವಲ್ಲ. ಅದಕ್ಕೆ 'ಕುಟ್ಟು' ಎಂದೇ ಇಟ್ಟುಕೊಳ್ಳೋಣ.

ಬರವಣಿಗೆಯಲ್ಲಿ 'ಅದುರು' ಎಂದೇ ಇರಲಿ ಎಂದು ನನ್ನ ಆಸೆ. ಹಳಗನ್ನಡದ 'ಅದಿರ್' ಅಂದರೂ ನಡುಗುವುದೇ, ಆದರೆ ಇವತ್ತು 'ಅದಿರು' ಅಂದರೆ ಕಬ್ಬಿಣದ ಅದಿರು ಕಣ್ಣ ಮುಂದೆ ಬರುತ್ತದೆ.

ನಿಜವಾದ ತೊಡಕು ಮುಂದಿನದು. ಎರಡನೇ ಸಲ ಹೋದಾಗ 'ಡಿಸ್ಕ್ ಬೆಂಡ್ ಆಗಿದೆ' ಎಂದು ಲೇತಿನಲ್ಲಿ ಹೆರೆಸಿ ಹಾಕಿದರು. ನಾಲ್ಕು ಸಾವಿರ ಕಿಲೋಮೀಟರ್ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಮಿಡಿತ. 'ಬೆಂಡ್' ಅಂದ ಕೂಡಲೇ ಡಿಸ್ಕ್ ಕಾದು ಬಾಗಿದೆ ಎಂದು ನಂಬುತ್ತೇವೆ. ಹಾಗೆ ಬಾಗುವುದು ಅಪರೂಪ. ಆಗುವುದು ಎರಡು ಬೇರೆ ಸಂಗತಿ. ಒಂದು, ಡಿಸ್ಕ್ ತಿರುಗುವಾಗ ಅದರ ಅಂಚು ಒಳಗೆ ಹೊರಗೆ ಆಡುವುದು. ನಿಲ್ಲಲು ಬಂದ ಬುಗುರಿಯ ಹಾಗೆ. ಇದಕ್ಕೆ ನಾನು 'ಓಲಾಟ' ಎಂದು ಬರೆದಿದ್ದೇನೆ. ಇನ್ನೊಂದು, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದು. ಇದು 'ಏರುಪೇರು'. ಓಲಾಟವಿದ್ದರೆ ಬ್ರೇಕ್ ಒತ್ತದಿದ್ದಾಗಲೂ ಡಿಸ್ಕಿನ ಅದೇ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ (ಡಿಸ್ಕನ್ನು ಒತ್ತಿ ಹಿಡಿಯುವ ತುಂಡಿಗೆ) ಉಜ್ಜುತ್ತದೆ. ಅಲ್ಲಿ ಸವೆಯುತ್ತದೆ, ಇಲ್ಲವೇ ಪ್ಯಾಡಿನ ಪದಾರ್ಥ ಅಂಟಿಕೊಳ್ಳುತ್ತದೆ. ಸಾವಿರಾರು ಕಿಲೋಮೀಟರ್ ಆದ ಮೇಲೆ ಏರುಪೇರು ಹುಟ್ಟುತ್ತದೆ. ಕಾಲಿಗೆ ಮಿಡಿಯುವುದು ಈ ಏರುಪೇರು. ಬರೀ ಇದನ್ನು ಹೆರೆದರೆ ಓಲಾಟ ಹಾಗೇ ಉಳಿಯುತ್ತದೆ, ದೋಷ ತಿರುಗಿ ಬರುತ್ತದೆ.

ಮೂರನೇ ಸಲ ಪಕ್ಕದಲ್ಲೇ ನಿಂತು ನೋಡಿದೆ. ಸಣ್ಣ ಅಲುಗಾಟವನ್ನೂ ಅಳೆಯುವ ಡಯಲ್ ಗೇಜಿನ ತುದಿಯನ್ನು ಡಿಸ್ಕಿಗೆ ತಾಗಿಸಿ ಕೈಯಲ್ಲಿ ನಿಧಾನ ತಿರುಗಿಸಿದರು. 0.12 ಮಿಲಿಮೀಟರ್ ಓಲಾಟ. ಬಹಳಷ್ಟು ಕಾರುಗಳಲ್ಲಿ 0.05ರ ಆಸುಪಾಸು ಇದ್ದರೆ ಒಳ್ಳೆಯದು. ಡಿಸ್ಕ್ ಬಿಚ್ಚಿದರು. ಅದು ಕೂರುವ, ಚಕ್ರದ ನಡುವಿನ ಹಬ್‌ನ ಮುಖದ ಮೇಲೆ ಉಗುರಿನ ತುಂಡಿನಷ್ಟು ತುಕ್ಕಿನ ಹಕ್ಕಳೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಅದೇ ಡಿಸ್ಕ್ ಕೂರಿಸಿ ಅಳೆದರೆ 0.03. ಡಿಸ್ಕ್ ಬಾಗಿರಲೇ ಇಲ್ಲ, ಸೊಟ್ಟಗೆ ಕೂತಿತ್ತು! ಆದರೆ ಆಗಲೇ ಹುಟ್ಟಿದ್ದ ಏರುಪೇರನ್ನು ಹೆರೆಯುವಷ್ಟು ದಪ್ಪ ಉಳಿದಿರಲಿಲ್ಲವಾದ್ದರಿಂದ ಹೊಸ ಡಿಸ್ಕು, ಪ್ಯಾಡು ಹಾಕಿ, ಚಕ್ರದ ನಟ್‌ಗಳನ್ನು ಎದುರುಬದುರಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಸಮನಾಗಿ ಬಿಗಿದರು. ಒಂದು ಕಡೆ ಜಾಸ್ತಿ ಬಿಗಿದರೂ ಓಲಾಟ ಬರುತ್ತದಂತೆ.

ಹಾಗಾಗಿ 'ಡಿಸ್ಕ್ ಬೆಂಡ್' ಎಂಬ ಮಾತನ್ನು ಕೈಪಿಡಿಯಿಂದ ಪೂರ್ತಿ ಬಿಟ್ಟಿದ್ದೇನೆ. 'ಅದುರು', 'ನಡುಕ', 'ಮಿಡಿತ' ಓದುಗರಿಗೆ ದಾಟುತ್ತವೆ ಎಂಬ ಧೈರ್ಯವಿದೆ. 'ಓಲಾಟ'ದ ಬಗ್ಗೆ ಅಷ್ಟಿಲ್ಲ. ತೊಟ್ಟಿಲು, ದೋಣಿ ಓಲಾಡುವುದು ದೊಡ್ಡ ಚಲನೆ, ಇದು ಕೂದಲೆಳೆಯಷ್ಟು. ಲೇತಿನಲ್ಲಿ ಕೆಲಸ ಮಾಡುವವರು, ಸೈಕಲ್ ಚಕ್ರ ನೇರ ಮಾಡುವವರು ಇದಕ್ಕೆ ಬಾಯಲ್ಲಿ ಏನೆನ್ನುತ್ತಾರೆ? ಕೇಳಿದ ಪದ ಯಾವುದೇ ಇರಲಿ, ಯಾವ ಕೆಲಸದ ನಡುವೆ ಕೇಳಿದ್ದು ಎಂಬುದನ್ನೂ ಸೇರಿಸಿ ಬರೆಯಿರಿ.